ಕೆಲಸದ ಆವರಣದ ಹೊರಗೆ ನಡೆಯುವ ಕಾರ್ಯಕ್ರಮಗಳಲ್ಲಿ ಗಾಯಗೊಂಡ ನೌಕರರು ಅನುಸರಿಸಬೇಕಾದ ಕ್ರಮಗಳು

ಕಾರ್ಖಾನೆ, ಕಛೇರಿ ಅಥವಾ ಅಂಗಡಿಯ ಆವರಣದೊಳಗೆ ಸಂಭವಿಸಿದ ಅಪಘಾತಕ್ಕೆ ಮಾತ್ರ ಪರಿಹಾರ ದೊರೆಯುತ್ತದೆ ಎಂಬ ತಪ್ಪು ತಿಳುವಳಿಕೆ ಅನೇಕ ನೌಕರರಲ್ಲಿದೆ. ಉದ್ಯೋಗದಾತರು ಏರ್ಪಡಿಸುವ ತರಬೇತಿ ಶಿಬಿರ, ಮಾರಾಟ ಮೇಳ, ವಾರ್ಷಿಕ ಕ್ರೀಡಾಕೂಟ, ಸಿಬ್ಬಂದಿ ಪ್ರವಾಸ ಮುಂತಾದವುಗಳಲ್ಲಿ ಆದ ಗಾಯಕ್ಕೂ ಪರಿಹಾರ ಪಡೆಯಲು ಅವಕಾಶವಿದೆ. ಆದರೆ ಅಪಘಾತಕ್ಕೂ ಉದ್ಯೋಗಕ್ಕೂ ಇರುವ ಸಂಬಂಧವನ್ನು ನೌಕರರು ತೋರಿಸಿಕೊಡಬೇಕಾಗುತ್ತದೆ. ಈ ಸಂಬಂಧವನ್ನು ಸಿದ್ಧಪಡಿಸುವ ದಾಖಲೆಗಳು ಬಹುಮಟ್ಟಿಗೆ ಅಪಘಾತದ ನಂತರದ ಮೊದಲ ಕೆಲವು ದಿನಗಳಲ್ಲಿಯೇ ಸೃಷ್ಟಿಯಾಗುತ್ತವೆ. ಆದುದರಿಂದ ಆ ದಿನಗಳಲ್ಲಿ ವಹಿಸುವ ಎಚ್ಚರಿಕೆಯು ಮುಖ್ಯವಾದುದು.

ಅನ್ವಯವಾಗುವ ಕಾನೂನು

ಸಾಮಾಜಿಕ ಭದ್ರತಾ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. ನೌಕರರ ಪರಿಹಾರ ಕಾಯ್ದೆ, 1923 ಹಾಗೂ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, 1948ರ ವಿಷಯಗಳು ಈಗ ಈ ಸಂಹಿತೆಯಲ್ಲಿ ಸೇರಿವೆ. ಸದರಿ ದಿನಾಂಕಕ್ಕೆ ಮೊದಲು ಸಂಭವಿಸಿದ ಅಪಘಾತಗಳ ಹಕ್ಕುಗಳು ಆಗ ಜಾರಿಯಲ್ಲಿದ್ದ ಕಾಯ್ದೆಯ ಪ್ರಕಾರ ನಿರ್ಧಾರವಾಗುತ್ತವೆ.

ಕಾರ್ಮಿಕರ ರಾಜ್ಯ ವಿಮಾ (ಇ.ಎಸ್.ಐ.) ಯೋಜನೆಗೆ ಒಳಪಟ್ಟ ನೌಕರರು ವಿಮಾ ನಿಗಮದಿಂದ ಸೌಲಭ್ಯ ಪಡೆಯತಕ್ಕದ್ದು. ಈ ಯೋಜನೆಯ ಮಾಸಿಕ ವೇತನ ಮಿತಿಯನ್ನು ಜನವರಿ 2017ರಲ್ಲಿ ರೂ. 21,000ಕ್ಕೆ ಹೆಚ್ಚಿಸಲಾಯಿತು. ಯೋಜನೆಗೆ ಒಳಪಡದೆ, ಸಂಹಿತೆಯ ಎರಡನೇ ಅನುಸೂಚಿಯಲ್ಲಿ ನಮೂದಿಸಿದ ಕೆಲಸಗಳಲ್ಲಿ ತೊಡಗಿರುವ ನೌಕರರಿಗೆ ಉದ್ಯೋಗದಾತರೇ ಪರಿಹಾರ ನೀಡಬೇಕು. ಈ ಎರಡೂ ವರ್ಗಗಳಿಗೆ ಸೇರದವರು ಸಂಸ್ಥೆಯ ಗುಂಪು ವಿಮೆ ಹಾಗೂ ನೇಮಕಾತಿ ಷರತ್ತುಗಳನ್ನು ಪರಿಶೀಲಿಸಿಕೊಳ್ಳುವುದು.

ಉದ್ಯೋಗದೊಂದಿಗೆ ಸಂಬಂಧ

ಅಪಘಾತವು ಉದ್ಯೋಗದ ಕಾರಣದಿಂದ ಹಾಗೂ ಉದ್ಯೋಗದ ಅವಧಿಯಲ್ಲಿ ಸಂಭವಿಸಿರಬೇಕೆಂಬುದು ಮೂಲ ನಿಯಮ. ಉದ್ಯೋಗವು ಆವರಣದ ಬಾಗಿಲಿನಲ್ಲಿಯೇ ಮುಗಿಯುವುದಿಲ್ಲವೆಂದು ನ್ಯಾಯಾಲಯಗಳು ಒಪ್ಪಿವೆ. ಮುಂಬಯಿಯ ನಗರ ಸಾರಿಗೆ ಸಂಸ್ಥೆಯ ಚಾಲಕರೊಬ್ಬರು ಕೆಲಸ ಮುಗಿಸಿ ಅದೇ ಸಂಸ್ಥೆಯ ಬಸ್ಸಿನಲ್ಲಿ ಮನೆಗೆ ಹೋಗುವಾಗ ಅಪಘಾತದಲ್ಲಿ ಮೃತಪಟ್ಟ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ಪರಿಹಾರದ ಹಕ್ಕನ್ನು ಎತ್ತಿಹಿಡಿಯಿತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಕರ್ನಾಟಕದ್ದೇ ಆಗಿದೆ. ಪ್ರಯಾಣಿಕರನ್ನು ಅಮರೇಶ್ವರ ದೇವಸ್ಥಾನಕ್ಕೆ ಕರೆದೊಯ್ದಿದ್ದ ವಾಹನ ಚಾಲಕರೊಬ್ಬರು ಅಲ್ಲಿನ ಕೊಳದ ಮೆಟ್ಟಿಲುಗಳ ಮೇಲೆ ಕುಳಿತಿದ್ದಾಗ ಜಾರಿ ನೀರಿಗೆ ಬಿದ್ದು ಮೃತಪಟ್ಟರು. ಚಾಲಕರು ಕೆಲಸದ ನಿಮಿತ್ತವೇ ಅಲ್ಲಿಗೆ ಹೋಗಿದ್ದರೂ, ಸಾವಿಗೂ ಉದ್ಯೋಗಕ್ಕೂ ಕಾರಣಸಂಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಮಾನಿಸಿತು. ಕೆಲಸದ ನಿಮಿತ್ತ ಸ್ಥಳದಲ್ಲಿ ಹಾಜರಿದ್ದರಷ್ಟೇ ಸಾಲದು ಎಂಬುದು ಇದರಿಂದ ತಿಳಿದುಬರುತ್ತದೆ.

ಆದ್ದರಿಂದ ಹೊರಗಿನ ಕಾರ್ಯಕ್ರಮಗಳಲ್ಲಿ ಈ ಕೆಳಕಂಡ ಅಂಶಗಳು ಮಹತ್ವ ಪಡೆಯುತ್ತವೆ:

1. ಹಾಜರಾತಿ ಕಡ್ಡಾಯವಾಗಿತ್ತೇ ಅಥವಾ ಐಚ್ಛಿಕವಾಗಿತ್ತೇ ಎಂಬುದು.
2. ಆ ದಿನವನ್ನು ಕೆಲಸದ ದಿನವೆಂದು ಪರಿಗಣಿಸಿ ವೇತನ ನೀಡಲಾಗಿದೆಯೇ ಎಂಬುದು.
3. ವಾಹನ, ವಸತಿ ಹಾಗೂ ಖರ್ಚನ್ನು ಉದ್ಯೋಗದಾತರು ಭರಿಸಿದ್ದರೇ ಎಂಬುದು.
4. ಗಾಯವಾದಾಗ ನೌಕರರು ಕಾರ್ಯಕ್ರಮದ ಭಾಗವಾದ ಚಟುವಟಿಕೆಯಲ್ಲಿದ್ದರೇ ಅಥವಾ ಸ್ವಂತ ಇಚ್ಛೆಯಿಂದ ಬೇರೆಡೆ ಹೋಗಿದ್ದರೇ ಎಂಬುದು.

ಮನೆಯಿಂದ ಕೆಲಸದ ಸ್ಥಳಕ್ಕೆ ಹೋಗುವಾಗ ಅಥವಾ ಕೆಲಸ ಮುಗಿಸಿ ಮರಳುವಾಗ ಆದ ಅಪಘಾತವನ್ನೂ, ಸಂದರ್ಭ, ಸಮಯ ಹಾಗೂ ಸ್ಥಳಗಳಿಗೆ ಉದ್ಯೋಗದೊಂದಿಗೆ ಸಂಬಂಧವಿದ್ದಲ್ಲಿ, ಉದ್ಯೋಗದ ಅಪಘಾತವೆಂದೇ ಸಂಹಿತೆಯು ಭಾವಿಸುತ್ತದೆ.

ಅಪಘಾತವಾದ ಕೂಡಲೇ

ಮೊದಲು ಚಿಕಿತ್ಸೆ ಪಡೆಯತಕ್ಕದ್ದು. ತುರ್ತು ಸಂದರ್ಭದಲ್ಲಿ 108 ಅಥವಾ 112 ಸಂಖ್ಯೆಗೆ ಕರೆ ಮಾಡಬಹುದು. ರಸ್ತೆ ಅಪಘಾತವಾಗಿದ್ದಲ್ಲಿ, ಮೇ 2025ರಲ್ಲಿ ಕೇಂದ್ರ ಸರ್ಕಾರ ಜಾರಿಗೊಳಿಸಿದ ಯೋಜನೆಯನ್ವಯ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಗರಿಷ್ಠ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ.

ಗಾಯ ಹೇಗಾಯಿತೆಂದು ವೈದ್ಯರು ಕೇಳಿದಾಗ ನಡೆದುದನ್ನು ನಡೆದಂತೆಯೇ ಹೇಳಬೇಕು. ಕಾರ್ಯಕ್ರಮದ ಹೆಸರು, ಸ್ಥಳ ಮತ್ತು ಸಮಯವನ್ನು ಆಸ್ಪತ್ರೆಯ ದಾಖಲೆಯಲ್ಲಿ ಬರೆಯುವಂತೆ ಕೋರಬೇಕು. ಸಂಸ್ಥೆಯ ಹೆಸರು ಕೆಡಬಾರದೆಂದೋ, ಹಿರಿಯ ಅಧಿಕಾರಿಗಳ ಮಾತಿಗೆ ಕಟ್ಟುಬಿದ್ದೋ "ಮನೆಯಲ್ಲಿ ಬಿದ್ದು ಗಾಯವಾಯಿತು" ಎಂದು ಬರೆಯಿಸಿದಲ್ಲಿ, ಮುಂದೆ ಅದೇ ಬರಹವು ನೌಕರರ ವಿರುದ್ಧ ಸಾಕ್ಷ್ಯವಾಗುತ್ತದೆ. ಅದನ್ನು ಸುಳ್ಳೆಂದು ಸಾಧಿಸುವುದು ಬಹಳ ಕಷ್ಟ.

ಜೊತೆಯಲ್ಲಿದ್ದ ಸಹೋದ್ಯೋಗಿಗಳ ಹೆಸರುಗಳನ್ನು ಗುರುತುಮಾಡಿಕೊಳ್ಳಬೇಕು. ಸ್ಥಳದ ಛಾಯಾಚಿತ್ರಗಳನ್ನೂ, ಆಹ್ವಾನ ಅಥವಾ ಸುತ್ತೋಲೆಯ ಪ್ರತಿಯನ್ನೂ ಕಾಯ್ದಿರಿಸಿಕೊಳ್ಳಬೇಕು.

ಉದ್ಯೋಗದಾತರಿಗೆ ಸೂಚನೆ

ಸಾಧ್ಯವಾದಷ್ಟು ಬೇಗ ಉದ್ಯೋಗದಾತರಿಗೆ ಲಿಖಿತ ಸೂಚನೆ ನೀಡತಕ್ಕದ್ದು. ಗಾಯಗೊಂಡವರ ಹೆಸರು ಮತ್ತು ವಿಳಾಸ, ಗಾಯದ ಕಾರಣ ಹಾಗೂ ಅಪಘಾತದ ದಿನಾಂಕ ಇವಿಷ್ಟನ್ನು ಸರಳ ಭಾಷೆಯಲ್ಲಿ ಬರೆದರೆ ಸಾಕು. ನೋಂದಾಯಿತ ಅಂಚೆಯಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳುವುದು ಸೂಕ್ತ. ಇ.ಎಸ್.ಐ. ವ್ಯಾಪ್ತಿಯವರು, ಉದ್ಯೋಗದಾತರು ವಿಮಾ ನಿಗಮದ ಶಾಖಾ ಕಛೇರಿಗೆ ಅಪಘಾತ ವರದಿ ಸಲ್ಲಿಸಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಉದ್ಯೋಗದಾತರು ಉಚಿತ ವೈದ್ಯಕೀಯ ಪರೀಕ್ಷೆಗೆ ಕರೆದಲ್ಲಿ ನೌಕರರು ಹಾಜರಾಗತಕ್ಕದ್ದು.

ದೊರೆಯುವ ಸೌಲಭ್ಯಗಳು

ಇ.ಎಸ್.ಐ. ವ್ಯಾಪ್ತಿಯವರಿಗೆ ಚಿಕಿತ್ಸೆಯೊಂದಿಗೆ, ತಾತ್ಕಾಲಿಕ ಅಸಮರ್ಥತೆಯ ಅವಧಿಗೆ ಸರಾಸರಿ ದೈನಿಕ ವೇತನದ ಶೇ. 90ರಷ್ಟು ಭತ್ಯೆ ದೊರೆಯುತ್ತದೆ.

ಉದ್ಯೋಗದಾತರು ನೇರವಾಗಿ ನೀಡಬೇಕಾದ ಪರಿಹಾರ ಈ ಕೆಳಗಿನಂತಿದೆ:

1. ತಾತ್ಕಾಲಿಕ ಅಸಮರ್ಥತೆ: ಅರ್ಧ ತಿಂಗಳಿಗೊಮ್ಮೆ ಮಾಸಿಕ ವೇತನದ ಶೇ. 25.
2. ಶಾಶ್ವತ ಪೂರ್ಣ ಅಸಮರ್ಥತೆ: ಮಾಸಿಕ ವೇತನದ ಶೇ. 60ನ್ನು ವಯಸ್ಸಿಗೆ ಅನುಗುಣವಾದ ಗುಣಕದಿಂದ ಗುಣಿಸಿದ ಮೊತ್ತ.
3. ಶಾಶ್ವತ ಭಾಗಶಃ ಅಸಮರ್ಥತೆ: ಗಳಿಕೆಯ ಸಾಮರ್ಥ್ಯ ನಷ್ಟವಾದ ಪ್ರಮಾಣಕ್ಕೆ ತಕ್ಕ ಮೊತ್ತ.
4. ಮರಣ: ಮಾಸಿಕ ವೇತನದ ಶೇ. 50ನ್ನು ಸದರಿ ಗುಣಕದಿಂದ ಗುಣಿಸಿದ ಮೊತ್ತ.

ಉದಾಹರಣೆಗೆ, 30 ವರ್ಷ ವಯಸ್ಸಿಗೆ ಗುಣಕ 207.98. ಮಾಸಿಕ ರೂ. 15,000 ವೇತನದ ಆ ವಯಸ್ಸಿನ ನೌಕರರು ಮೃತಪಟ್ಟಲ್ಲಿ ಅವಲಂಬಿತರಿಗೆ ಸಲ್ಲುವ ಮೊತ್ತ ರೂ. 15,59,850. ಮರಣ ಪರಿಹಾರವನ್ನು ಕುಟುಂಬದ ಕೈಗೆ ನೇರವಾಗಿ ಕೊಡದೆ ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡತಕ್ಕದ್ದು. ಗಾಯದ ಚಿಕಿತ್ಸೆಗೆ ತಗುಲಿದ ವಾಸ್ತವಿಕ ವೆಚ್ಚವನ್ನೂ ಉದ್ಯೋಗದಾತರು ಮರುಪಾವತಿಸಬೇಕು.

ಅಸಮರ್ಥತೆಯು ಮೂರು ದಿನಗಳನ್ನು ಮೀರದಿದ್ದಲ್ಲಿ ಉದ್ಯೋಗದಾತರಿಂದ ಪರಿಹಾರ ದೊರೆಯುವುದಿಲ್ಲ. ಮದ್ಯ ಅಥವಾ ಮಾದಕ ವಸ್ತುವಿನ ಅಮಲು ಅಪಘಾತಕ್ಕೆ ಕಾರಣವಾಗಿದ್ದಲ್ಲಿಯೂ ದೊರೆಯುವುದಿಲ್ಲ. ಆದರೆ ಮರಣ ಅಥವಾ ಶಾಶ್ವತ ಪೂರ್ಣ ಅಸಮರ್ಥತೆಯ ಪ್ರಕರಣಗಳಿಗೆ ಈ ನಿರ್ಬಂಧ ಅನ್ವಯಿಸದು.

ಪರಿಹಾರ ನಿರಾಕರಿಸಿದಲ್ಲಿ

ಪರಿಹಾರವನ್ನು ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ನೀಡದಿದ್ದಲ್ಲಿ ಶೇ. 12ರ ವಾರ್ಷಿಕ ಬಡ್ಡಿ ಸೇರುತ್ತದೆ. ವಿಳಂಬಕ್ಕೆ ಸಮರ್ಥನೆಯಿಲ್ಲವೆಂದು ಕಂಡುಬಂದಲ್ಲಿ ಬಾಕಿ ಮೊತ್ತದ ಶೇ. 50ರವರೆಗೆ ಹೆಚ್ಚುವರಿ ಮೊತ್ತವನ್ನೂ ವಿಧಿಸಬಹುದು.

ಅಪಘಾತವಾದ ಎರಡು ವರ್ಷಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಅಪಘಾತ ನಡೆದ ಸ್ಥಳದಲ್ಲಿಯೇ ಅಲ್ಲದೆ, ಅರ್ಜಿದಾರರು ವಾಸಿಸುವ ಸ್ಥಳದಲ್ಲಿಯೂ ಅರ್ಜಿ ಸಲ್ಲಿಸಲು ಅವಕಾಶವಿದೆ. ಆದ್ದರಿಂದ ಮಡಿಕೇರಿಯ ಪ್ರವಾಸದಲ್ಲಿ ಗಾಯಗೊಂಡ ತುಮಕೂರಿನ ನೌಕರರು ಪ್ರಕರಣಕ್ಕಾಗಿ ಮಡಿಕೇರಿಗೆ ಅಲೆಯಬೇಕಾಗಿಲ್ಲ. ಆಯಾ ವ್ಯಾಪ್ತಿಯ ಪ್ರಾಧಿಕಾರದ ವಿವರವನ್ನು ಸ್ಥಳೀಯ ಕಾರ್ಮಿಕ ಅಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಬಹುದು.

ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು:

1. ನೇಮಕಾತಿ ಪತ್ರ ಅಥವಾ ಗುರುತಿನ ಚೀಟಿ, ವೇತನ ಚೀಟಿ ಮತ್ತು ವಯಸ್ಸಿನ ದಾಖಲೆ.
2. ಕಾರ್ಯಕ್ರಮದ ಸುತ್ತೋಲೆ, ಸಂದೇಶ ಅಥವಾ ಪ್ರಯಾಣದ ಆದೇಶ.
3. ಆಸ್ಪತ್ರೆಯ ದಾಖಲೆಗಳು, ವೆಚ್ಚದ ರಸೀದಿಗಳು ಮತ್ತು ಅಸಮರ್ಥತೆಯ ಪ್ರಮಾಣಪತ್ರ.
4. ಉದ್ಯೋಗದಾತರಿಗೆ ನೀಡಿದ ಸೂಚನೆಯ ಪ್ರತಿ.
5. ಪೊಲೀಸ್ ಪ್ರಕರಣವಿದ್ದಲ್ಲಿ ಪ್ರಥಮ ವರ್ತಮಾನ ವರದಿ.

ವಿಶೇಷ ಸೂಚನೆ

"ಗಾಯವಾದರೆ ಸಂಸ್ಥೆ ಹೊಣೆಯಲ್ಲ" ಎಂಬ ಒಪ್ಪಿಗೆ ಪತ್ರಕ್ಕೆ ಪ್ರವಾಸ ಅಥವಾ ಕ್ರೀಡಾಕೂಟಕ್ಕೆ ಮೊದಲು ಸಹಿ ಪಡೆದಿದ್ದರೂ, ಸಂಹಿತೆಯನ್ವಯ ಸಲ್ಲುವ ಪರಿಹಾರದ ಹಕ್ಕು ಅದರಿಂದ ನಷ್ಟವಾಗದು. ಅಂತಹ ಒಪ್ಪಂದ ಅಸಿಂಧುವಾಗಿರುತ್ತದೆ.

ವಾಹನ ಅಪಘಾತದಲ್ಲಿ ನೌಕರರ ಪರಿಹಾರ ಮತ್ತು ಮೋಟಾರು ವಾಹನಗಳ ಕಾಯ್ದೆ, 1988ರನ್ವಯ ಪರಿಹಾರ ಇವೆರಡಕ್ಕೂ ಅರ್ಹತೆಯಿದ್ದಲ್ಲಿ, ಯಾವುದಾದರೂ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಆಯ್ಕೆಗೆ ಮೊದಲು ಕಾನೂನು ಸಲಹೆ ಪಡೆಯುವುದು ಒಳಿತು. ಕೈಗಾರಿಕಾ ಕಾರ್ಮಿಕರು, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದು. ಸಹಾಯವಾಣಿ ಸಂಖ್ಯೆ 15100.