ಹಸುಗೂಸಿನೊಡನೆ ಮಹಾಯಾತ್ರೆ

ಎಳೆಯ ಕೂಸನ್ನು ಎತ್ತಿಕೊಂಡು ಊರಿಂದೂರಿಗೆ ಹೋಗುವುದೇ ಒಂದು ಸಾಹಸವೆಂಬುದನ್ನು ತಾಯಂದಿರು ಬಲ್ಲರು. ಬಂಡಿಯ ಅಚ್ಚು ಮುರಿಯುವುದೂ, ಅಕಾಲದಲ್ಲಿ ಮಳೆ ಹಿಡಿಯುವುದೂ, ನಡುದಾರಿಯಲ್ಲಿ ಮಗುವಿಗೆ ಜ್ವರ ಬರುವುದೂ ಹೇಳಿ ಕೇಳಿ ಆಗುವ ಸಂಗತಿಗಳಲ್ಲ. ದೇಶಾನ್ವೇಷಣೆಯ ಚರಿತ್ರೆಗಳಲ್ಲಾದರೋ ಇಂತಹ ತಾಪತ್ರಯಗಳ ಸುಳಿವು ಬಹು ವಿರಳ. ಅಲ್ಲಿ ನಡೆಯುವವರೆಲ್ಲರೂ ಪ್ರಾಯದ ಗಂಡಸರು. ಇದಕ್ಕೆ ಅಪವಾದವಾಗಿ ನಿಲ್ಲುವುದು 1804ರಿಂದ 1806ರ ವರೆಗೆ ಉತ್ತರ ಅಮೆರಿಕವನ್ನು ಅಡ್ಡಹಾಯ್ದು ಪೆಸಿಫಿಕ್ ಸಾಗರವನ್ನು ಮುಟ್ಟಿ ಬಂದ ಲೂಯಿಸ್ ಮತ್ತು ಕ್ಲಾರ್ಕರ ತಂಡ. ಆ ತಂಡದಲ್ಲಿ ಮೊಲೆಯುಣ್ಣುವ ಕೂಸೊಂದಿದ್ದಿತು.

ಅಧ್ಯಕ್ಷನಾದ ಜೆಫರ್ಸನ್ನನ ಆಜ್ಞೆಯಂತೆ ಹೊರಟ ಈ ಇಬ್ಬರು ಕ್ಯಾಪ್ಟನ್ನರು 1804ರ ಚಳಿಗಾಲವನ್ನು ಮಿಸೌರಿ ನದಿಯ ದಡದಲ್ಲಿ, ಮ್ಯಾಂಡನ್ ಜನಗಳ ಹಳ್ಳಿಗಳ ಬಳಿ ಕೋಟೆ ಕಟ್ಟಿಕೊಂಡು ಕಳೆದರು. ಮುಂದೆ ರಾಕಿ ಪರ್ವತಗಳನ್ನು ದಾಟಲು ಕುದುರೆಗಳು ಬೇಕು. ಕುದುರೆಗಳಿದ್ದುದು ಶೊಶೋನಿ ಜನಗಳಲ್ಲಿ. ಅವರ ಭಾಷೆ ತಂಡದಲ್ಲಿ ಒಬ್ಬರಿಗೂ ಬಾರದು. ಷಾರ್ಬೊನೋ ಎಂಬ ಫ್ರೆಂಚ್ ಕೆನಡದ ವ್ಯಾಪಾರಿಯನ್ನು ದುಭಾಷಿಯಾಗಿ ನೇಮಿಸಿಕೊಂಡುದು ಮುಖ್ಯವಾಗಿ ಅವನ ಹೆಂಡತಿಗಾಗಿ. ಸಕಗವೀಯಳೆಂಬ ಆ ಹುಡುಗಿಯು ಶೊಶೋನಿಯವಳು. ಎಳೆಯ ವಯಸ್ಸಿನಲ್ಲಿ ಹಿಡಾಟ್ಸರ ಕೈಗೆ ಸೆರೆಸಿಕ್ಕಿದವಳು. ಹಿಡಾಟ್ಸರ ಮಾತಿನಲ್ಲಿ ಆಕೆಯ ಹೆಸರಿಗೆ ಹಕ್ಕಿಹೆಣ್ಣೆಂದು ಅರ್ಥ. ಆಗ ಆಕೆಗೆ ಹದಿನಾರೋ ಹದಿನೇಳೋ ವರ್ಷ; ತುಂಬು ಗರ್ಭಿಣಿ.

1805ರ ಫೆಬ್ರವರಿ 11ರಂದು ಗಂಡುಮಗುವಾಯಿತು. ಚೊಚ್ಚಲ ಹೆರಿಗೆ, ನೋವು ಬಹಳವಾಗಿದ್ದಿತು. ಬುಡುಬುಡಿಕೆ ಹಾವಿನ ಬಾಲದ ಬಳೆಗಳನ್ನು ಪುಡಿಮಾಡಿ ನೀರಿನಲ್ಲಿ ಕೊಟ್ಟರೆ ಬೇಗನೆ ಹೆರಿಗೆಯಾಗುವುದೆಂದು ಅಲ್ಲಿದ್ದವನೊಬ್ಬನು ಹೇಳಲು, ಲೂಯಿಸನು ಎರಡು ಬಳೆಗಳನ್ನು ಕೊಟ್ಟನು. ಹತ್ತು ನಿಮಿಷದೊಳಗೆ ಹೆರಿಗೆಯಾಯಿತು. ಅದು ಮದ್ದಿನ ಗುಣವೇ ಅಲ್ಲವೇ ಎಂಬುದನ್ನು ಅವನು ನಿರ್ಣಯಿಸಲು ಹೋಗಲಿಲ್ಲ. ಮಗುವಿಗೆ ಜಾನ್ ಬ್ಯಾಪ್ಟಿಸ್ಟ್ ಎಂದು ಹೆಸರಾಯಿತು; ಕ್ಲಾರ್ಕನು ಮುದ್ದಿನಿಂದ ಪಾಂಪ್ ಎಂದು ಕರೆಯುತ್ತಿದ್ದನು. ಏಪ್ರಿಲ್ 7ರಂದು ತಂಡವು ಪಶ್ಚಿಮಕ್ಕೆ ಹೊರಟಾಗ ಕೂಸಿಗೆ 55 ದಿನ. ನಮ್ಮ ಕಡೆಯ ಬಾಣಂತಿಯು ಇನ್ನೂ ಕೋಣೆಯ ಬೆಚ್ಚನೆಯಲ್ಲಿರುವ ಕಾಲ ಅದು.

ಕ್ಯಾಪ್ಟನ್ನರಿಬ್ಬರೂ ಶ್ರದ್ಧೆಯಿಂದ ದಿನಚರಿ ಬರೆದರು. ಗಿಡ, ಮೃಗ, ನದಿಯ ತಿರುವು, ಅಕ್ಷಾಂಶ, ಎಲ್ಲವೂ ಅದರಲ್ಲುಂಟು. ಮಗುವನ್ನು ಏತರಲ್ಲಿ ಸುತ್ತುತ್ತಿದ್ದರು, ಎಲ್ಲಿ ಮೀಯಿಸುತ್ತಿದ್ದರು, ರಾತ್ರಿ ಅತ್ತರೆ ಏನು ಮಾಡುತ್ತಿದ್ದರು ಎಂಬುದು ಮಾತ್ರ ಇಲ್ಲ. ಕೂಸು ಆ ಪುಟಗಳಲ್ಲಿ ತಲೆಯೆತ್ತುವುದು ಬಹುಮಟ್ಟಿಗೆ ಏನಾದರೂ ಅವಘಡವಾದಾಗ. ಸುಖವಾಗಿ ಕಳೆದ ದಿನಗಳ ಹಿಂದೆ ತಾಯಿಯ ಕೈಗಳು ಎಷ್ಟು ದುಡಿದಿರಬೇಕೆಂಬುದನ್ನು ಕೆಟ್ಟ ದಿನಗಳ ಬರಹದಿಂದಲೇ ಊಹಿಸಬೇಕಾಗಿದೆ.

ಮೊದಲನೆಯ ಗಂಡಾಂತರವು ಮೇ 14ರಂದು ಬಂದಿತು. ಬಿರುಗಾಳಿಯು ದೋಣಿಗೆ ಬಡಿಯಲು, ಚುಕ್ಕಾಣಿ ಹಿಡಿದಿದ್ದ ಷಾರ್ಬೊನೋ ದಿಕ್ಕುಗೆಟ್ಟು ಕೂಗಾಡಿದನು. ದೋಣಿಯು ವಾಲಿ ಅಂಚಿನ ವರೆಗೆ ನೀರು ತುಂಬಿತು. ಹಿಂಬದಿಯಲ್ಲಿ ಕುಳಿತಿದ್ದ ಸಕಗವೀಯಳು ತೇಲಿಹೋಗುತ್ತಿದ್ದ ಹಗುರವಾದ ಸಾಮಾನುಗಳನ್ನು ಒಂದೊಂದಾಗಿ ಹಿಡಿದು ಒಳಗಿಟ್ಟುಕೊಂಡಳು. ಆಕೆಯ ಧೈರ್ಯವನ್ನು ಲೂಯಿಸನು ಮನಸಾರೆ ಹೊಗಳಿದ್ದಾನೆ. ಮೂರು ತಿಂಗಳ ಕೂಸಿನ ತಾಯಿ ಆಕೆಯೆಂಬುದನ್ನು ವಾಚಕರು ಮರೆಯಬಾರದು.

ಜೂನ್ ತಿಂಗಳಲ್ಲಿ ಆಕೆಯೇ ಕಾಯಿಲೆ ಬಿದ್ದಳು. ಕ್ಲಾರ್ಕನು ಆ ಕಾಲದ ವೈದ್ಯಪದ್ಧತಿಯಂತೆ ರಕ್ತ ತೆಗೆದನು. ಅದರಿಂದ ಗುಣವೇನೂ ಕಾಣಲಿಲ್ಲ. 16ರಂದು ಲೂಯಿಸನು ಬಂದು ನೋಡಿ, ನದಿಯಾಚೆಯ ಗಂಧಕದ ಬುಗ್ಗೆಯಿಂದ ನೀರು ತರಿಸಿ ಕುಡಿಸಿದನು. ಕಂಕುಳಲ್ಲಿ ಎಳೆಯ ಮಗುವುಳ್ಳವಳೆಂಬ ಮರುಕದೊಂದಿಗೆ, ಈಕೆ ಹೋದರೆ ಶೊಶೋನಿಯರಿಂದ ಕುದುರೆ ಪಡೆಯುವ ದಾರಿಯೇ ಇಲ್ಲವೆಂಬ ಕಳವಳವನ್ನೂ ಅವನು ಮರೆಮಾಚದೆ ಬರೆದಿಟ್ಟಿದ್ದಾನೆ. ಆಕೆಯು ಚೇತರಿಸಿಕೊಂಡು ಹತ್ತು ದಿನಗಳಾಗಿರಲಿಲ್ಲ. ಅಷ್ಟರಲ್ಲಿಯೇ ಎಲ್ಲಕ್ಕಿಂತ ದೊಡ್ಡ ವಿಪತ್ತು ಒದಗಿತು.

ಮಿಸೌರಿಯ ಮಹಾಜಲಪಾತಗಳ ಬಳಿ ದೋಣಿಗಳನ್ನು ನೆಲದ ಮೇಲೆ ಎಳೆದು ಸಾಗಿಸುತ್ತಿದ್ದ ಕಾಲ. ಜೂನ್ 29ರಂದು ಕ್ಲಾರ್ಕನು ಷಾರ್ಬೊನೋ, ಸಕಗವೀಯ, ಮಗು ಇವರೊಡನೆ ನದಿಯ ದಂಡೆಯಲ್ಲಿ ನಡೆದುಹೋಗುತ್ತಿದ್ದನು. ಕಪ್ಪುಮೋಡ ಕವಿದು ಬರುತ್ತಿರಲು, ಹತ್ತಿರದ ಒಣ ಕೊರಕಲೊಂದರಲ್ಲಿ ಚಾಚಿಕೊಂಡಿದ್ದ ಬಂಡೆಯ ಕೆಳಗೆ ಎಲ್ಲರೂ ಆಶ್ರಯ ಪಡೆದರು. ಮಗುವನ್ನು ಹೊರುವ ಸಾಧನವನ್ನೂ ಬಟ್ಟೆಬರೆಯನ್ನೂ ತಾಯಿಯು ಕಾಲಬಳಿ ಇಳಿಸಿದಳು. ಮೊದಲು ಸಾಧಾರಣ ಮಳೆ. ಆಮೇಲೆ ಆಲಿಕಲ್ಲಿನೊಡನೆ ಧಾರಾಕಾರ. ಕೊರಕಲಿನ ಮೇಲ್ಗಡೆಯಿಂದ ಬಂಡೆಗಳನ್ನು ಉರುಳಿಸಿಕೊಂಡು ನೀರಿನ ಗೋಡೆಯೇ ಇಳಿದುಬಂದಿತು. ತಾಯಿಗೆ ಮಗುವನ್ನು ಬಾಚಿಕೊಳ್ಳುವಷ್ಟು ಮಾತ್ರ ಸಮಯ ಸಿಕ್ಕಿತು. ಒಂದು ಕೈಯಲ್ಲಿ ಬಂದೂಕು ಹಿಡಿದ ಕ್ಲಾರ್ಕನು ಇನ್ನೊಂದರಿಂದ ಆಕೆಯನ್ನು ಮೇಲಕ್ಕೆ ತಳ್ಳಿದನು; ಮೇಲಿದ್ದ ಗಂಡನು ಕೈಹಿಡಿದು ಎಳೆಯುತ್ತಿದ್ದನಾದರೂ ಭಯದಿಂದ ಮರಗಟ್ಟಿಹೋಗಿದ್ದನು. ಕ್ಲಾರ್ಕನು ಹತ್ತುವಷ್ಟರಲ್ಲಿ ನೀರು ಸೊಂಟ ಮುಟ್ಟಿತ್ತು. ನೋಡನೋಡುತ್ತಿರುವಾಗಲೇ ಹದಿನೈದು ಅಡಿ ಏರಿತು. ಒಂದು ಕ್ಷಣ ತಡವಾಗಿದ್ದರೆ ಎಲ್ಲರೂ ನದಿಗೆ ಬಿದ್ದು ಜಲಪಾತದ ಪಾಲಾಗುತ್ತಿದ್ದರು.

ದಂಡೆಯ ಮೇಲೆ ನಿಂತಾಗ ಕೂಸಿನ ಮೈಮೇಲೆ ನೂಲೆಳೆಯಿಲ್ಲ; ಗಾಳಿ ತಣ್ಣಗೆ ಬೀಸುತ್ತಿದೆ; ತಾಯಿಯು ಇದೀಗ ಕಾಯಿಲೆಯಿಂದ ಎದ್ದವಳು, ತೊಯ್ದು ತೊಪ್ಪೆಯಾಗಿದ್ದಾಳೆ. ಕ್ಲಾರ್ಕನ ದಾಸನಾದ ಯಾರ್ಕನು ಇವರನ್ನು ಹುಡುಕುತ್ತ ಬಂದಿದ್ದನು. ಅವನ ಬಳಿಯಿದ್ದ ಮದ್ಯವನ್ನು ಆಕೆಗೆ ತುಸು ಕುಡಿಸಿ, ಮಗುವಿಗೆ ಬಟ್ಟೆ ಹೊದಿಸಲೆಂದು ಓಡುನಡಿಗೆಯಲ್ಲಿ ಬಿಡಾರಕ್ಕೆ ಹಿಂದಿರುಗಿದರು. ಕಳೆದುಹೋದ ವಸ್ತುಗಳಲ್ಲಿ ದೊಡ್ಡ ದಿಕ್ಸೂಚಿಯೂ ಇದ್ದಿತು. ಅದಕ್ಕಾಗಿ ಕ್ಯಾಪ್ಟನ್ನರು ಬಹಳ ಮರುಗಿದರು. ಮರುದಿನ ಅದು ಕೆಸರಿನಲ್ಲಿ ಸಿಕ್ಕಿತು. ಮಗುವಿನ ಬಟ್ಟೆಗಳಿಗೆ ಬದಲಾಗಿ ತಾಯಿಯು ಏನನ್ನು ಹೊಂದಿಸಿಕೊಂಡಳೋ ಅದು ಬರಹಕ್ಕೆ ಬಂದಿಲ್ಲ. ಹೊರುವ ಆ ಸಾಧನವು ತೊಟ್ಟಿಲಿನಂಥದೆಂದು ಕೆಲವರು, ಸೊಳ್ಳೆಪರದೆಯೆಂದು ಕೆಲವರು ಇಂದಿಗೂ ಚರ್ಚಿಸುತ್ತಾರೆ. ಪರದೆಯಾಗಿದ್ದರೆ ನಷ್ಟವು ಸಣ್ಣದಲ್ಲ: 1806ರ ಆಗಸ್ಟ್ 4ರಂದು, ಸೊಳ್ಳೆ ಕಚ್ಚಿ ಮಗುವಿನ ಮುಖವೆಲ್ಲ ಬಾತುಕೊಂಡಿದೆಯೆಂದು ಕ್ಲಾರ್ಕನು ಬರೆದಿದ್ದಾನೆ.

1805ರ ಆಗಸ್ಟಿನಲ್ಲಿ ಶೊಶೋನಿಯರು ಸಿಕ್ಕಿದರು. ಅವರ ನಾಯಕನು ಸಕಗವೀಯಳ ಒಡಹುಟ್ಟಿದವನೇ ಆಗಿದ್ದನು. ಕುದುರೆಗಳು ದೊರೆತವು. ಸೆಪ್ಟೆಂಬರಿನ ಹಿಮದಲ್ಲಿ, ಕುದುರೆಮರಿಗಳನ್ನು ಕೊಂದು ತಿನ್ನುವಷ್ಟು ಹಸಿವಿನಲ್ಲಿ, ಏಳು ತಿಂಗಳ ಕೂಸು ಪರ್ವತಗಳನ್ನು ದಾಟಿತು. ತಾಯಿ ಮಗುವಿನಿಂದ ತಂಡಕ್ಕೆ ಭಾರವಾಯಿತೆಂದು ಹೇಳುವಂತಿಲ್ಲ. ಕೊಲಂಬಿಯ ನದಿಯ ದಡದ ಜನರು ಅಪರಿಚಿತರನ್ನು ಕಂಡು ಹೆದರಿ ಮನೆಗಳಲ್ಲಿ ಅಡಗಿದ್ದವರು, ಆಕೆಯನ್ನು ನೋಡಿದೊಡನೆ ಹೊರಗೆ ಬಂದರು. ಹೆಂಗಸನ್ನು ಕರೆದುಕೊಂಡು ಯಾರೂ ಯುದ್ಧಕ್ಕೆ ಬರುವುದಿಲ್ಲವೆಂಬುದು ಅವರ ತಿಳಿವಳಿಕೆ. ಸಾಗರತೀರದಲ್ಲಿ ಎಡೆಬಿಡದ ಮಳೆ. ನವೆಂಬರ್ 30ರಂದು ಆಕೆಯು ಕ್ಲಾರ್ಕನಿಗೆ ಒಂದು ತುಂಡು ರೊಟ್ಟಿ ಕೊಟ್ಟಳು. ಮಗುವಿಗಾಗಿ ಜೋಪಾನವಾಗಿ ಮುಚ್ಚಿಟ್ಟಿದ್ದುದು. ನೆನೆದು ಸ್ವಲ್ಪ ಹುಳಿಯಾಗಿದ್ದಿತು. ಎಷ್ಟೋ ತಿಂಗಳಿಂದ ರೊಟ್ಟಿಯ ರುಚಿ ಕಾಣದಿದ್ದ ಅವನು ಅದನ್ನು ಬಹು ತೃಪ್ತಿಯಿಂದ ತಿಂದನು. ಮುಂದಿನ ಕಷ್ಟಕ್ಕೆಂದು ಆಕೆಯು ಏನನ್ನು ಕೂಡಿಡುತ್ತಿದ್ದಳೆಂಬುದಕ್ಕೆ ಆ ಒಂದು ತುಂಡೇ ಸಾಕ್ಷಿ.

ಹಿಂದಿರುಗುವಾಗ, 1806ರ ಮೇ ತಿಂಗಳಲ್ಲಿ, ಪರ್ವತದ ಹಿಮ ಕರಗಲೆಂದು ಕ್ಲಿಯರ್‌ವಾಟರ್ ನದಿಯ ಬಳಿ ತಂಗಿದ್ದರು. ಮಗುವಿಗೆ ಹದಿನೈದು ತಿಂಗಳು. ಹಲ್ಲು ಬರುತ್ತಿದ್ದ ಸಮಯ. ಕೆಲವು ದಿನ ಭೇದಿಯಾಗಿ ತಟ್ಟನೆ ನಿಂತು, 22ರಂದು ಜ್ವರವೇರಿ ಕುತ್ತಿಗೆ ಊದಿಕೊಂಡಿತು. ಕ್ರೀಮ್ ಆಫ್ ಟಾರ್ಟರ್ ಎಂಬ ಲವಣವನ್ನು ಕೊಟ್ಟರು. ಬೇಯಿಸಿದ ಈರುಳ್ಳಿಯ ಪಟ್ಟನ್ನು ತಾಳುವಷ್ಟು ಬಿಸಿಯಾಗಿ ಕುತ್ತಿಗೆಗೆ ಹಾಕಿದರು. ಒಂದು ದಿನ ಇಳಿತ, ಒಂದು ದಿನ ಏರಿಕೆ. ಕಿವಿಯ ಕೆಳಗೆ ಬಾವು ಗಟ್ಟಿಯಾಯಿತು. ಕೊನೆಗೆ ಪೈನ್ ಮರದ ರಾಳ, ಜೇನುಮೇಣ, ಕರಡಿಯ ಕೊಬ್ಬು ಇವನ್ನು ಬೆರಸಿ ಮುಲಾಮು ಹಚ್ಚಿದರು. ಜೂನ್ 8ರ ವೇಳೆಗೆ ಮಗು ಹೆಚ್ಚುಕಡಮೆ ಗುಣವಾಯಿತು. ಎರಡು ವಾರಕ್ಕೂ ಮೀರಿ ಇಬ್ಬರು ಸೇನಾಧಿಕಾರಿಗಳು ಮತ್ತೆ ಮತ್ತೆ ಒಂದು ಕೂಸಿನ ಯೋಗಕ್ಷೇಮವನ್ನು ದಿನಚರಿಯಲ್ಲಿ ಬರೆದಿರುವುದು ಅವರ ಗ್ರಂಥದ ಅತ್ಯಂತ ಮಾನುಷವಾದ ಭಾಗ.

1806ರ ಆಗಸ್ಟ್ 17ರಂದು ಮ್ಯಾಂಡನ್ ಹಳ್ಳಿಗಳಲ್ಲಿ ಇವರು ತಂಡವನ್ನು ಬಿಟ್ಟರು. ಷಾರ್ಬೊನೋವಿಗೆ ಐನೂರು ಡಾಲರುಗಳಿಗೆ ಸ್ವಲ್ಪ ಹೆಚ್ಚು ಸಂಬಳ ಸಂದಿತು. ಸಕಗವೀಯಳಿಗೆ ಏನೂ ಇಲ್ಲ. ಮಗುವನ್ನು ತಾನೇ ಸಾಕಿ ಓದಿಸುವೆನೆಂದು ಕ್ಲಾರ್ಕನು ಕೇಳಲು, ಒಂದು ವರ್ಷ ಕಳೆದರೆ ತಾಯಿಯನ್ನು ಬಿಟ್ಟಿರಬಲ್ಲನೆಂದು ತಂದೆತಾಯಿಗಳು ಉತ್ತರ ಕೊಟ್ಟರು. ಆ ಮೇಲೆ ಕ್ಲಾರ್ಕನು ಮಾತಿನಂತೆ ಸೇಂಟ್ ಲೂಯಿಸಿನಲ್ಲಿ ಹುಡುಗನಿಗೆ ವಿದ್ಯೆ ಕಲಿಸಿದನು. ಕೋಟೆಯೊಂದರ ಗುಮಾಸ್ತನ ಬರಹವನ್ನು ನಂಬುವುದಾದರೆ, ತಾಯಿಯು 1812ರ ಡಿಸೆಂಬರಿನಲ್ಲಿ ಜ್ವರದಿಂದ ತೀರಿಕೊಂಡಳು. 2000ನೆಯ ಇಸವಿಯಲ್ಲಿ ಅಮೆರಿಕದ ಸರಕಾರವು ಹೊರಡಿಸಿದ ಒಂದು ಡಾಲರಿನ ನಾಣ್ಯದ ಮೇಲೆ, ಬೆನ್ನಿಗೆ ಮಗುವನ್ನು ಕಟ್ಟಿಕೊಂಡ ಆಕೆಯ ರೂಪವಿದೆ. ಮುಖವು ಕಲ್ಪಿತ, ಆಕೆಯ ಕಾಲದ ಚಿತ್ರ ಯಾವುದೂ ಉಳಿದಿಲ್ಲ. ಮಗನು ಜರ್ಮನಿಯ ರಾಜಕುಮಾರನೊಬ್ಬನೊಡನೆ ಯೂರೋಪಿಗೆ ಹೋಗಿ ಆರು ವರ್ಷವಿದ್ದು ಬಂದನು. ಬಳಿಕ ಪರ್ವತಪ್ರಾಂತಗಳಲ್ಲಿ ದಾರಿ ತೋರಿಸುವವನಾಗಿ ಬಹುಕಾಲ ಬಾಳಿದನು. 1866ರ ಮೇ ತಿಂಗಳಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ಓರೆಗಾನ್ ಸೀಮೆಯಲ್ಲಿ ಪ್ರಯಾಣ ಮಾಡುತ್ತಿದ್ದಾಗ ದಾರಿಯ ತಂಗುಮನೆಯೊಂದರಲ್ಲಿ ಮೃತನಾದನು.