ಕಂಠಪಾಠ ಸಲ್ಲದ ವಿದ್ಯೆ

ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ಇತಿಹಾಸ ಬೋಧಿಸಿದ ನಾನು ಮಕ್ಕಳಿಂದ ಮುಖ್ಯವಾಗಿ ಬಯಸಿದ್ದು ನೆನಪನ್ನು. ಇಸವಿಗಳನ್ನೂ ರಾಜವಂಶಗಳನ್ನೂ ಪುಸ್ತಕ ಮುಚ್ಚಿ ಹೇಳಬಲ್ಲವನೇ ಜಾಣನೆಂದು ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ತರಗತಿಯಲ್ಲಿ ಸಾಧಾರಣನೆನಿಸಿದ್ದ ಅವನು ವಾಯುಪಡೆಗೆ ಸೇರಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ತರಬೇತಿ ಪಡೆದು, ವಿಮಾನಗಳ ದುರಸ್ತಿಯಲ್ಲೇ ಇಪ್ಪತ್ತು ವರ್ಷ ದುಡಿದು ನಿವೃತ್ತನಾದ. ಒಮ್ಮೆ ಮನೆಗೆ ಬಂದಾಗ, "ಕಲಿತದ್ದೆಲ್ಲ ಬಾಯಿಗೆ ಬರುತ್ತದೆಯೇನಪ್ಪಾ?" ಎಂದು ಕೇಳಿದೆ. "ಇಲ್ಲ ಸಾರ್, ನಮ್ಮಲ್ಲಿ ನೆನಪನ್ನು ನಂಬಿ ಕೈಹಾಕುವುದೇ ತಪ್ಪು. ನೂರು ಸಲ ಮಾಡಿದ ಕೆಲಸವಾದರೂ ಪುಸ್ತಕ ತೆರೆದಿಟ್ಟುಕೊಂಡೇ ಮಾಡಬೇಕು" ಎಂದ.

ಆ ಪುಸ್ತಕಗಳ ಇತಿಹಾಸವನ್ನು ತಿಳಿಯುವ ಕುತೂಹಲ ನನ್ನಲ್ಲಿ ಮೂಡಿದ್ದು ಅಂದೇ.

ನೆನಪನ್ನು ನಂಬುವುದರ ಅಪಾಯವನ್ನು ಜಗತ್ತಿಗೆ ಸ್ಪಷ್ಟಪಡಿಸಿದ್ದು 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೊ ರಾಜ್ಯದಲ್ಲಿ ನಡೆದ ಒಂದು ಅಪಘಾತ. ಬೋಯಿಂಗ್ ಕಂಪನಿಯ ನಾಲ್ಕು ಎಂಜಿನ್‌ಗಳ ಹೊಸ ಬಾಂಬರ್ ವಿಮಾನವು ರೈಟ್ ಫೀಲ್ಡ್‌ನಲ್ಲಿ ಮೇಲೇರಿದ ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿತು. ಅದನ್ನು ನಡೆಸುತ್ತಿದ್ದವರು ನುರಿತ ಪೈಲಟ್ ಮೇಜರ್ ಪ್ಲಾಯರ್ ಹಿಲ್. ಯಂತ್ರದಲ್ಲಿ ದೋಷವಿರಲಿಲ್ಲ. ನಿಂತ ವಿಮಾನದ ಬಾಲದ ಫಲಕಗಳು ಗಾಳಿಗೆ ಅಲುಗಾಡದಂತೆ ಹಾಕಿದ್ದ ಬೀಗವನ್ನು ಹಾರುವ ಮುನ್ನ ತೆಗೆಯಲು ಮರೆತಿದ್ದರು, ಅಷ್ಟೇ. ಹಿಲ್ ತೀರಿಕೊಂಡರು. ಇದಾದ ಬಳಿಕ ಪೈಲಟ್‌ಗಳ ಕೈಗೆ ಬಂದದ್ದು 'ಚೆಕ್‌ಲಿಸ್ಟ್' ಎಂಬ ಪುಟ್ಟ ಪಟ್ಟಿ. ನಿಪುಣನೂ ಮರೆಯುತ್ತಾನೆ ಎಂಬುದನ್ನು ಒಪ್ಪಿಕೊಂಡು ರಚಿಸಿದ ಪಟ್ಟಿ ಅದು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಪಟ್ಟಿಯೊಂದೇ ಸಾಲದಾಯಿತು. ಅಮೆರಿಕದ ಸೈನ್ಯವು ಪ್ರತಿಯೊಂದು ಬಗೆಯ ವಿಮಾನಕ್ಕೂ 'ಟೆಕ್ನಿಕಲ್ ಆರ್ಡರ್' ಎಂಬ ಪುಸ್ತಕಗಳ ಸರಣಿಯನ್ನು ಹೊರತಂದಿತು. ಇಲ್ಲಿ 'ಆರ್ಡರ್' ಎಂಬ ಪದವನ್ನು ಗಮನಿಸಬೇಕು. ಅವು ಸಲಹೆಗಳಲ್ಲ, ಆಜ್ಞೆಗಳು. ಪುಸ್ತಕದ ಸಂಖ್ಯೆಯ ಕೊನೆಯ ಅಂಕಿಯನ್ನು ನೋಡಿದರೆ ಅದು ಯಾವ ಬಗೆಯದೆಂದು ತಿಳಿಯುತ್ತದೆ. 1 ಎಂದಿದ್ದರೆ ಪೈಲಟ್‌ನ ಪುಸ್ತಕ. 2 ಎಂದಿದ್ದರೆ ಭಾಗಗಳನ್ನು ಕಳಚುವ, ಜೋಡಿಸುವ, ಸರಿಹೊಂದಿಸುವ ಕ್ರಮ. 3 ಎಂದಿದ್ದರೆ ಹರಿದ ಲೋಹದ ಹೊದಿಕೆ, ಮುರಿದ ಪಕ್ಕೆಲುಬುಗಳ ದುರಸ್ತಿ. 4 ಎಂಬುದು ಬಿಡಿಭಾಗಗಳ ಸಚಿತ್ರ ಪಟ್ಟಿ. ನಂತರದ ಕಾಲದಲ್ಲಿ 5 ತೂಕ ಮತ್ತು ಸಮತೋಲಕ್ಕೂ 6 ತಪಾಸಣೆಗೂ ಮೀಸಲಾದವು. ಆರನೆಯದನ್ನು ನಮ್ಮ ಪಂಚಾಂಗಕ್ಕೆ ಹೋಲಿಸಬಹುದು. ತಿಥಿ ವಾರಗಳ ಬದಲು ಹಾರಿದ ಗಂಟೆಗಳನ್ನು ಲೆಕ್ಕಹಾಕಿ, ಯಾವಾಗ ಯಾವ ಭಾಗವನ್ನು ನೋಡಬೇಕು ಎಂದು ಅದು ವಿಧಿಸುತ್ತದೆ.

ಎಲ್ಲವನ್ನೂ ಒಂದೇ ಗ್ರಂಥದಲ್ಲಿ ಬರೆಯಬಾರದೇಕೆ? ಓದುವವನು ಬೇರೆ, ಅವನ ಪ್ರಶ್ನೆ ಬೇರೆ. ಉಗ್ರಾಣದವನಿಗೆ ಬೇಕಾದದ್ದು ಬಿಡಿಭಾಗದ ಸಂಖ್ಯೆ. ರೆಕ್ಕೆಯ ಕೆಳಗೆ ಟಾರ್ಚ್ ಹಿಡಿದು ಮಲಗಿರುವವನಿಗೆ ಬೇಕಾದದ್ದು ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬ ಲೆಕ್ಕ.

ಈ ಇತಿಹಾಸ ನಮ್ಮ ಊರನ್ನೂ ಮುಟ್ಟಿದೆ. ವಾಲ್‌ಚಂದ್ ಹಿರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕನ್ ವಾಯುಸೇನೆಯ ಆಡಳಿತಕ್ಕೊಳಪಟ್ಟು, ಯುದ್ಧವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ, ಮತ್ತಾರೂ ಬಳಸಬಾರದೆಂದು ಕಾನ್ಪುರದಲ್ಲಿ ಬೇಕೆಂದೇ ಹಾಳುಗೆಡವಿದ್ದ ಲಿಬರೇಟರ್ ಬಾಂಬರ್‌ಗಳ ಪೈಕಿ ಸುಮಾರು 40ನ್ನು ಇದೇ ಕಾರ್ಖಾನೆಯವರು ಮತ್ತೆ ಹಾರುವಂತೆ ಮಾಡಿದರು. ಅವು 1948ರಿಂದ 1968ರವರೆಗೆ ನಮ್ಮ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವು.

ಭಾಷೆಯ ಮೇಷ್ಟ್ರುಗಳೂ ಮೆಚ್ಚಬೇಕಾದ ಸಂಗತಿಯೊಂದಿದೆ. ದುರಸ್ತಿ ಮಾಡುವವರಲ್ಲಿ ಅನೇಕರ ಮಾತೃಭಾಷೆ ಇಂಗ್ಲಿಷ್ ಅಲ್ಲ. ಆದ್ದರಿಂದ ಯೂರೋಪಿನ ವಿಮಾನೋದ್ಯಮವು 1986ರಲ್ಲಿ 'ಸರಳ ಇಂಗ್ಲಿಷ್' ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಮೊದಲು ನಾಗರಿಕ ವಿಮಾನಗಳಿಗಾಗಿ ಹುಟ್ಟಿದ ಅದು ಮುಂದೆ ಸೈನಿಕ ವಿಮಾನಗಳ ಪುಸ್ತಕಗಳಿಗೂ ಹಬ್ಬಿತು. ಒಂದು ಪದಕ್ಕೆ ಒಂದೇ ಅರ್ಥ. 'ಕ್ಲೋಸ್' ಎಂದರೆ 'ಮುಚ್ಚು' ಎಂದಷ್ಟೇ. 'ಹತ್ತಿರ' ಎಂಬ ಅರ್ಥದಲ್ಲಿ ಅದನ್ನು ಬಳಸುವಂತಿಲ್ಲ. ಕೆಲಸದ ಕ್ರಮ ಹೇಳುವ ವಾಕ್ಯ 20 ಪದಗಳನ್ನು ಮೀರಬಾರದು. ಎಚ್ಚರಿಕೆಗಳಿಗೂ ತರತಮವಿದೆ. 'ವಾರ್ನಿಂಗ್' ಎಂದಿದ್ದರೆ ಪ್ರಾಣಕ್ಕೆ ಅಪಾಯ, 'ಕಾಷನ್' ಎಂದಿದ್ದರೆ ಯಂತ್ರಕ್ಕೆ ಹಾನಿ. ಇವೆರಡನ್ನೂ ಆ ಕೆಲಸದ ಸಾಲಿಗಿಂತ ಮೊದಲೇ ಮುದ್ರಿಸುತ್ತಾರೆ. ಓದುವಷ್ಟರಲ್ಲಿ ಅನಾಹುತ ಆಗಿಹೋಗಿರಬಾರದಲ್ಲವೇ!

ಈ ಪುಸ್ತಕಗಳು ಎಂದೂ ಮುಗಿಯುವುದಿಲ್ಲ. ಎಲ್ಲೋ ಒಂದು ವಿಮಾನದಲ್ಲಿ ಬಿರುಕು ಕಂಡರೆ ತಿದ್ದುಪಡಿ ಬರುತ್ತದೆ. ಹಳೆಯ ಪುಟವನ್ನು ತೆಗೆದು ಹೊಸದನ್ನು ಸೇರಿಸಬೇಕು. ಅತಿ ತುರ್ತಿನ ಆಜ್ಞೆಯಾದರೆ, ಅದನ್ನು ಪಾಲಿಸುವವರೆಗೆ ವಿಮಾನ ನೆಲ ಬಿಡುವಂತಿಲ್ಲ. ಕೆಲಸ ಮುಗಿದ ಮೇಲೆ, ಬ್ರಿಟಿಷರ ಕಾಲದಿಂದ ಬಂದ 'ಫಾರ್ಮ್ 700' ಎಂಬ ದಾಖಲೆಯಲ್ಲಿ ಮಾಡಿದವನು ಸಹಿ ಹಾಕುತ್ತಾನೆ. ಪೈಲಟ್ ಅದನ್ನು ನೋಡಿ, ತಾನೂ ಸಹಿ ಮಾಡಿ ವಿಮಾನ ಏರುತ್ತಾನೆ.

ಅಂದು ನನ್ನ ಶಿಷ್ಯ ಒಂದು ಪ್ರಸಂಗ ಹೇಳಿದ. ಒಂದು ರಾತ್ರಿ ಬೋಲ್ಟ್ ಬಿಗಿಯುವ ಪ್ರಮಾಣವನ್ನು ಹಿರಿಯ ಸಹೋದ್ಯೋಗಿಯೊಬ್ಬರು ಬಾಯಲ್ಲೇ ಹೇಳಿದರಂತೆ. ಇವನು ಸಂಕೋಚದಿಂದಲೇ ಪುಸ್ತಕ ತೆರೆದ. ಹಿಂದಿನ ತಿಂಗಳಷ್ಟೇ ಆ ಪುಟ ಬದಲಾಗಿತ್ತು. ಹಿರಿಯರು ಬೇಸರಿಸಿಕೊಳ್ಳದೆ ತಾವೇ ಆ ಸಂಖ್ಯೆಯನ್ನು ಗಟ್ಟಿಯಾಗಿ ಓದಿ, "ನಾಳೆ ಬೆಳಿಗ್ಗೆ ಇದರಲ್ಲಿ ಹಾರುವವನು ನಮ್ಮನ್ನು ನಂಬಿದ್ದಾನಪ್ಪಾ" ಎಂದರಂತೆ.

"ಪುಸ್ತಕ ಮುಚ್ಚಿ ಹೇಳು" ಎಂದು ನಾನು ಎಷ್ಟು ಮಕ್ಕಳನ್ನು ನಿಲ್ಲಿಸಿದ್ದೆನೋ ಲೆಕ್ಕವಿಲ್ಲ. ತಡವರಿಸಿ ತಲೆ ತಗ್ಗಿಸುತ್ತಿದ್ದವರಲ್ಲಿ ಅವನೂ ಒಬ್ಬ. ಅದನ್ನು ನೆನಪಿಸಿದಾಗ ಅವನು ನಕ್ಕು, "ಬಿಡಿ ಸಾರ್, ಪುಸ್ತಕ ಓದುವುದನ್ನು ಕಲಿಸಿದವರೂ ನೀವೇ ತಾನೆ" ಎಂದ.