ಚಕ್ರಕ್ಕೆ ಸಿಡಿದ ಕಲ್ಲು: ಹೈದರಾಬಾದಿನ ಸಡಕುಗಳ ಪೂರ್ವಕಥೆ

ಹೈದರಾಬಾದು ನಗರವನ್ನು ಯಾವ ದಿಕ್ಕಿನಿಂದ ಪ್ರವೇಶಿಸಿದರೂ ಪ್ರಯಾಣಿಕನನ್ನು ಮೊದಲು ಎದುರುಗೊಳ್ಳುವುದು ಕಲ್ಲು. ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವೆಂದು ಭೂವಿಜ್ಞಾನಿಗಳು ನಿರ್ಣಯಿಸಿರುವ ಗ್ರಾನೈಟಿನ, ಅಂದರೆ ಕಣಶಿಲೆಯ, ಹೆಬ್ಬಂಡೆಗಳು ಗೋಲ್ಕೊಂಡದ ಬೆಟ್ಟದಿಂದ ಬಂಜಾರಾ ಗುಡ್ಡಗಳವರೆಗೆ ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿವೆ. ಕುತುಬ್‌ಶಾಹಿ ಸುಲ್ತಾನರ ಕೋಟೆಗೆ ಗೋಡೆಯಾದುದೂ, 1591ರ ಚಾರ್‌ಮಿನಾರಿಗೆ ಒಡಲಾದುದೂ, ಮೂರು ಶತಮಾನಗಳ ತರುವಾಯ ಮೋಟಾರು ವಾಹನಗಳ ಗಾಜನ್ನೂ ತಗಡನ್ನೂ ಭೇದಿಸಿ ಪ್ರಯಾಣಿಕರಿಗೆ ಉಪದ್ರವವಾದುದೂ ಇದೇ ಕಲ್ಲು.

ಓಡುವ ವಾಹನವನ್ನು ಸಿಡಿಯುವ ಕಲ್ಲಿನಿಂದ ಕಾಪಾಡುವುದು ವಾಹನದ ಒಡೆಯನೊಬ್ಬನ ಚಿಂತೆಯೆಂದು ಈಗ ನಾವು ಭಾವಿಸುತ್ತೇವೆ. ರಬ್ಬರಿನ ಪರದೆಯನ್ನೋ ಜಾಲರಿಯನ್ನೋ ಕೊಂಡು ತಂದು ಕಟ್ಟಿದರೆ ಕಾರ್ಯ ಮುಗಿಯಿತೆಂದು ತಿಳಿಯುತ್ತೇವೆ. ಆದರೆ ಹಳೆಯ ಹೈದರಾಬಾದು ಸಂಸ್ಥಾನದ ಸಡಕುಗಳ ಚರಿತ್ರೆಯನ್ನು ಸ್ವಲ್ಪ ಸಾವಧಾನದಿಂದ ಪರಿಶೀಲಿಸಿದವನಿಗೆ, ಆ ರಕ್ಷಣೆಯ ಬಹುಪಾಲನ್ನು ಒದಗಿಸಿದವರು ಕಲ್ಲನ್ನು ಒಡೆದು, ಹರಡಿ, ನೀರು ಹನಿಸಿ, ಅದು ಮತ್ತೆ ಮೇಲೇಳದಂತೆ ನೆಲದಲ್ಲಿ ಬಂಧಿಸಿದ ಜನರೇ ಎಂಬುದು ಮನವರಿಕೆಯಾಗದೆ ಇರದು. ವಾಹನಕ್ಕೆ ತೊಡಿಸಿದ ಕವಚಗಳೆಲ್ಲ ಅವರ ಕೆಲಸ ಎಲ್ಲೆಲ್ಲಿ ಅರ್ಧಕ್ಕೆ ನಿಂತಿತೋ ಅಲ್ಲಲ್ಲಿ ಬಂದು ಸೇರಿಕೊಂಡವು.

ಎತ್ತಿನ ಬಂಡಿಯ ಕಾಲದಲ್ಲಿ ಕಲ್ಲು ಸಿಡಿಯುತ್ತಿರಲಿಲ್ಲ. ಗಂಟೆಗೆ ಎರಡು ಮೂರು ಮೈಲಿ ನಡೆಯುವ ಚಕ್ಕಡಿಯ ಕಬ್ಬಿಣದ ಹಳಿ ಕಲ್ಲನ್ನು ಹತ್ತಿ ಇಳಿಯುತ್ತಿತ್ತು, ಇಲ್ಲವೇ ಅದನ್ನು ಅರೆದು ಪುಡಿಮಾಡುತ್ತಿತ್ತು. ಪೆಟ್ಟು ಬೀಳುತ್ತಿದ್ದುದು ಅಚ್ಚಿಗೆ, ಗುಂಬಕ್ಕೆ, ಒಳಗೆ ಕುಳಿತವರ ಬೆನ್ನೆಲುಬಿಗೆ. ನಗರದಿಂದ ಪಶ್ಚಿಮಕ್ಕೆ ಸಂಗಾರೆಡ್ಡಿ, ಜಹೀರಾಬಾದು, ಹುಮನಾಬಾದುಗಳ ಮೇಲೆ ನಳದುರ್ಗ, ಸೊಲ್ಲಾಪುರಗಳಿಗೆ ಹೋಗುವ ದಾರಿಯಲ್ಲಿ ಕಣಶಿಲೆಯ ನಾಡು ಹಿಂದುಳಿದು, ಬೀದರಿನ ಆಸುಪಾಸಿನ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯೂ ಅದರಾಚೆಗೆ ಎರೆಯ ಬಯಲೂ ಎದುರಾಗುವುವು. ಬೇಸಗೆಯಲ್ಲಿ ಆಳವಾಗಿ ಬಿರಿದು, ಮಳೆಗಾಲದಲ್ಲಿ ಚಕ್ರವನ್ನು ಗುಂಬದವರೆಗೆ ನುಂಗುವ ಆ ಕರಿಮಣ್ಣಿನಲ್ಲಿ ಕಲ್ಲು ಸಿಕ್ಕಿದರೆ ಅದು ಭಾಗ್ಯವೆಂದೇ ಬಂಡಿಕಾರನು ಬಗೆಯುತ್ತಿದ್ದಿರಬೇಕು.

ಈ ದಾರಿಯ ಪ್ರಸ್ತಾಪ ಬಂದಾಗ ಕನ್ನಡಿಗರು ಮೆಡೋಸ್ ಟೇಲರನನ್ನು ಸ್ಮರಿಸುವುದು ಉಚಿತ. ಸುರಪುರದ ಬಾಲರಾಜನ ಕಾಲದಲ್ಲಿ ಆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡು, ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಅಲ್ಲಿ ನಿಂತಿರುವ ಬಂಗಲೆಯಲ್ಲಿ ವಾಸಿಸಿದ್ದ ಆತನು 1853ರಲ್ಲಿ ನಳದುರ್ಗದ ಪ್ರಾಂತಕ್ಕೆ ಹೋದಾಗ ಅಲ್ಲಿಯೂ ರಸ್ತೆಗಳ ನಿರ್ಮಾಣವನ್ನು ಕೈಗೊಂಡನು. ಅದೇ ವರ್ಷ ಹೈದರಾಬಾದಿನ ದಿವಾನಗಿರಿಯನ್ನು ವಹಿಸಿಕೊಂಡ ಮೊದಲನೆಯ ಸಾಲಾರ್ ಜಂಗರು ಮೂವತ್ತು ವರ್ಷಗಳ ಕಾಲ ನಡೆಸಿದ ಆಡಳಿತ ಸುಧಾರಣೆಯಲ್ಲಿ ಜಿಲ್ಲೆಗಳು ರೂಪುಗೊಂಡು, ಅಧಿಕಾರಿಗಳ ದೌರೆ ನಿಯತವಾಗಿ, ಸಡಕು ರಾಜ್ಯಭಾರದ ಅವಶ್ಯಕ ಅಂಗವಾಯಿತು.

ಸಡಕನ್ನು ಕಟ್ಟುವ ಕ್ರಮವು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಮೆಕ್‌ಆಡಮ್ (1756–1836) ಎಂಬುವನು ಪ್ರಚುರಪಡಿಸಿದುದು. ಆರು ಔನ್ಸಿಗಿಂತ ಹೆಚ್ಚು ತೂಗದ, ಮೊನಚು ಅಂಚುಗಳುಳ್ಳ ಒಡೆದ ಕಲ್ಲನ್ನು ಪದರ ಪದರವಾಗಿ ಹರಡಿದರೆ, ಸಂಚಾರದ ಭಾರದಿಂದಲೇ ಒಂದು ಕಲ್ಲು ಇನ್ನೊಂದರ ಸಂದಿಗೆ ಸೇರಿ ಗಟ್ಟಿಯಾದ ಹಾಸು ಏರ್ಪಡುವುದೆಂಬುದು ಆತನ ಸಿದ್ಧಾಂತ. ನಮ್ಮಲ್ಲಿ ಇದಕ್ಕೆ ಮೊರಮ್ಮಿನ ಹುಡಿಯನ್ನು ಚೆಲ್ಲಿ, ನೀರು ಹನಿಸಿ, ರೋಲರನ್ನು ಎಳೆಯುವ ಕ್ರಮವು ಕೂಡಿಕೊಂಡಿತು. ಜಲ್ಲಿಯನ್ನು ಒಡೆದವರು ಯಾರು? ವಡ್ಡರೆಂದೂ ಭೋವಿಗಳೆಂದೂ ಕರೆಯಿಸಿಕೊಳ್ಳುವ, ಕಲ್ಲು ಮಣ್ಣುಗಳ ಕೆಲಸವನ್ನೇ ಪರಂಪರೆಯಿಂದ ಮಾಡಿಕೊಂಡು ಬಂದ ಕುಟುಂಬಗಳು ದಖ್ಖಣದ ಸಡಕಿನ ಅಂಚುಗಳಲ್ಲಿ ಬಿಡಾರ ಹೂಡಿ, ಗಂಡಸು ಹಾರೆಯಿಂದಲೂ ಭಾರಿ ಸುತ್ತಿಗೆಯಿಂದಲೂ ಸೀಳಿಕೊಟ್ಟ ತುಂಡನ್ನು ಹೆಂಗಸು ಕುಳಿತು ಸಣ್ಣ ಸುತ್ತಿಗೆಯಿಂದ ಒಡೆದು, ಅಳತೆಯ ಗುಡ್ಡೆಯಾಗಿ ಒಟ್ಟಿ, ನೂರು ಘನ ಅಡಿಯ ಬ್ರಾಸು ಒಂದಕ್ಕೆ ಇಷ್ಟೆಂಬಂತೆ ಕೂಲಿಯನ್ನು ಪಡೆದವು. ಒಡೆಯುವಾಗ ಚಕ್ಕೆಯು ಕಣ್ಣಿಗೆ ಸಿಡಿಯದಂತೆಯೂ ಕಲ್ಲು ಜಾರದಂತೆಯೂ ಅದರ ಸುತ್ತ ಹಗ್ಗವನ್ನೋ ಬಟ್ಟೆಯನ್ನೋ ಸುತ್ತಿ ಮಾಡಿದ ಬಳೆಯೊಂದನ್ನು ಇಟ್ಟುಕೊಳ್ಳುವುದುಂಟು. ಮೋಟಾರುಗಳು ಬಂದ ಮೇಲೆ ಸವೆದ ಟೈರಿನಿಂದ ಕತ್ತರಿಸಿದ ರಬ್ಬರಿನ ಬಳೆಯೂ ಬಂತು. ಸಿಡಿಯುವ ಕಲ್ಲಿಗೆ ರಬ್ಬರನ್ನು ಅಡ್ಡ ಹಿಡಿಯುವ ಉಪಾಯವನ್ನು ವಾಹನದ ಒಡೆಯರಂತೆಯೇ ಈ ತಾಯಂದಿರೂ ಬಲ್ಲವರಾಗಿದ್ದರು; ಅವರು ಕಾಪಾಡಿಕೊಳ್ಳಬೇಕಾಗಿದ್ದುದು ಬಣ್ಣವನ್ನಲ್ಲ, ಕಣ್ಣನ್ನು. ಸಂಸ್ಥಾನದ ರಸ್ತೆಗಳ ಕೀರ್ತಿಯನ್ನು ದಿವಾನರಿಗೂ ಎಂಜಿನಿಯರರಿಗೂ ಹಂಚಿಕೊಟ್ಟ ಚರಿತ್ರಕಾರರು ಇವರ ಹೆಸರನ್ನು ಎಲ್ಲಿಯೂ ಬರೆಯಲಿಲ್ಲವೆಂಬುದು ನನಗೆ ಬಹಳ ವ್ಯಥೆಯ ಸಂಗತಿ.

ಮೋಟಾರು ಬಂದೊಡನೆ ಈ ವ್ಯವಸ್ಥೆಯೆಲ್ಲವೂ ಬುಡಮೇಲಾಯಿತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಬೇಡಿಕೆ ಸಲ್ಲಿಸಿ, 1911ರಲ್ಲಿ ಅವರು ಕಾಲವಾದ ತರುವಾಯ ನಗರವನ್ನು ಸೇರಿ, ಈಗ ಚೌಮಹಲ್ಲಾ ಅರಮನೆಯಲ್ಲಿ ಪ್ರದರ್ಶಿತವಾಗಿರುವ ಹಳದಿ ಬಣ್ಣದ ರೋಲ್ಸ್‌ರಾಯ್ಸ್ ರಥವು ಮೆರವಣಿಗೆಗೆಂದೇ ನಿರ್ಮಿತವಾಗಿ ಬಹು ಸ್ವಲ್ಪ ದೂರವನ್ನು ಮಾತ್ರ ಓಡಿದುದರಿಂದ ಕಲ್ಲಿನೇಟನ್ನು ಹೆಚ್ಚಾಗಿ ಕಾಣಲಿಲ್ಲ. ನಿತ್ಯ ಓಡಿದ ಸಾಮಾನ್ಯ ವಾಹನಗಳು ಕಂಡವು. ಬಂಡಿಯ ಕಬ್ಬಿಣದ ಹಳಿಯು ಮೇಲ್ಪದರದ ಕಲ್ಲನ್ನು ಅರೆದು ಹುಡಿಮಾಡಿ ಸಂದಿಗಳಿಗೆ ಆ ಹುಡಿಯನ್ನೇ ಬೆಸುಗೆಯಾಗಿ ತುಂಬುತ್ತಿದ್ದರೆ, ವೇಗವಾಗಿ ಓಡುವ ರಬ್ಬರಿನ ಚಕ್ರವು ಅದನ್ನು ಹೀರಿ ಮೇಲೆಬ್ಬಿಸಿ ಗಾಳಿಗೆ ತೂರಿಬಿಡುತ್ತಿತ್ತು. ಹುಡಿ ಹೋದೊಡನೆ ಕಲ್ಲು ಸಡಿಲವಾಗುವುದು. ಸಡಿಲವಾದ ಕಲ್ಲು ಚಕ್ರಕ್ಕೆ ಸಿಕ್ಕಿ ಸಿಡಿಯುವುದು. 1908ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಪ್ರಥಮ ಅಂತರರಾಷ್ಟ್ರೀಯ ರಸ್ತೆ ಮಹಾಸಭೆಯ ಮುಖ್ಯ ಚಿಂತೆಯೇ ಮೋಟಾರು ಎಬ್ಬಿಸುವ ಈ ಧೂಳೂ ಅದರಿಂದ ಹಾಳಾಗುವ ರಸ್ತೆಗಳೂ ಆಗಿದ್ದುವು.

ಅದೇ 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹೈದರಾಬಾದನ್ನು ಧ್ವಂಸಗೊಳಿಸಿತು. ನಗರದ ಪುನರುದ್ಧಾರಕ್ಕಾಗಿ ಮರುವರ್ಷ ಬಂದ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪ್ರವಾಹವನ್ನು ತಡೆಯುವ ಜಲಾಶಯಗಳ ಯೋಜನೆಯನ್ನು ರೂಪಿಸಿದುದೂ, ಉಸ್ಮಾನ್‌ಸಾಗರ ಹಿಮಾಯತ್‌ಸಾಗರಗಳು ಅದರಂತೆ ತಲೆಯೆತ್ತಿದುದೂ ಸರ್ವವಿದಿತ. ಒಳಚರಂಡಿಯ ವಿಷಯದಲ್ಲಿಯೂ ಸಲಹೆಯಿತ್ತ ಅವರು ಧೂಳೇಳದ ನುಣುಪಾದ ಬೀದಿಗಳನ್ನೂ ಕಲ್ಲುಹಾಸಿನ ಪಾದಚಾರಿ ಮಾರ್ಗಗಳನ್ನೂ ನಗರದ ಅಗತ್ಯಗಳೊಳಗೆ ಸೇರಿಸಿದ್ದರು. 1912ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಮಂಡಲಿಯು ಇಕ್ಕಟ್ಟಾದ ಗಲ್ಲಿಗಳನ್ನು ತೆರವುಗೊಳಿಸಿ ವಿಶಾಲ ಮಾರ್ಗಗಳನ್ನು ತೆರೆಯಿತು. ಮುಂದಿನ ದಶಕಗಳಲ್ಲಿ ಆ ಮಾರ್ಗಗಳ ಮೇಲೆ ಸಿಮೆಂಟು ಕಾಂಕ್ರೀಟು ಹರಡಿ, ಸಿಮೆಂಟಿನ ರಸ್ತೆಗಳ ನಗರವೆಂದು ಹೈದರಾಬಾದು ಹೆಸರುವಾಸಿಯಾಯಿತು.

ಆ ಸಿಮೆಂಟು ಕನ್ನಡನಾಡಿನದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಹಾದಿ ತೆರೆದ ಮೇಲೆ, ಗುಲಬರ್ಗಾ ಜಿಲ್ಲೆಯ ಶಹಾಬಾದಿನ ಸುಣ್ಣಕಲ್ಲಿನ ಪರಸಿಗಳು ರೈಲನ್ನೇರಿ ರಾಜಧಾನಿಯ ಮನೆಗಳಿಗೆ ನೆಲಹಾಸಾಗಿದ್ದುವು. ಅದೇ ಸುಣ್ಣಕಲ್ಲನ್ನು ಸುಟ್ಟು ಅರೆದು ಸಿಮೆಂಟು ಮಾಡುವ ಕಾರ್ಖಾನೆಯು ಶಹಾಬಾದಿನಲ್ಲಿ ಎದ್ದಿತು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದಿನದೂ ಅವುಗಳಲ್ಲೊಂದಾಗಿತ್ತು. ಭೀಮಾತೀರದ ಸುಣ್ಣಕಲ್ಲು ಗೋಲ್ಕೊಂಡದ ಕಣಶಿಲೆಯನ್ನು ಬಂಧಿಸಿ, ನಗರದೊಳಗಿನ ವಾಹನಗಳಿಗೆ ಸಿಡಿಗಲ್ಲಿನ ಬಾಧೆಯನ್ನು ತಪ್ಪಿಸಿತೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು.

ಆದರೆ ನಗರದ ಎಲ್ಲೆಯಾಚೆಗೆ ಸಿಮೆಂಟು ಇರಲಿಲ್ಲ. 1932ರ ಜೂನ್ ತಿಂಗಳಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯು ತನ್ನದೇ ರಸ್ತೆ ಸಾರಿಗೆಯ ಶಾಖೆಯನ್ನು ತೆರೆದು, 27 ಬಸ್ಸುಗಳನ್ನೂ 166 ಮಂದಿ ನೌಕರರನ್ನೂ ಇಟ್ಟುಕೊಂಡು ಸಂಚಾರವನ್ನು ಆರಂಭಿಸಿದಾಗ, ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯ ಆ ಬಸ್ಸುಗಳ ಕಾಲದಲ್ಲಿ ಜಿಲ್ಲೆಗಳ ಸಡಕೆಂದರೆ ಬಹುಮಟ್ಟಿಗೆ ಜಲ್ಲಿಯೂ ಮೊರಮ್ಮೂ. ಮರದ ಚೌಕಟ್ಟಿಗೆ ತಗಡನ್ನು ಹೊದಿಸಿದ ಅಂದಿನ ಬಸ್ಸಿಗೆ ಕಲ್ಲು ತಾಗಿದರೆ ತಗಡು ತಗ್ಗಾಗುತ್ತಿತ್ತೇ ಹೊರತು ಬಿರಿಯುತ್ತಿರಲಿಲ್ಲ. ಬಡಿದು ಸಮಮಾಡಿ ಬಣ್ಣ ಬಳಿದರೆ ಮುಗಿಯಿತು. ಅಪಾಯವಿದ್ದುದು ರೇಡಿಯೇಟರಿಗೆ, ದೀಪಗಳಿಗೆ, ಮುಂಗಾಜಿಗೆ. ಆದುದರಿಂದ ಆ ಕಾಲದ ಮೋಟಾರುಗಳಲ್ಲಿ ದೀಪದ ಮುಂದೆ ತಂತಿಯ ಜಾಲರಿಯನ್ನು ಕೂರಿಸುವುದೂ, ಚಕ್ರದ ಹಿಂದೆ ಮಡ್‌ಗಾರ್ಡಿನ ಅಂಚಿಗೆ ಹಳೆಯ ಟೈರಿನ ಪಟ್ಟಿಯನ್ನು ತೂಗಬಿಡುವುದೂ ರೂಢಿಯಾಯಿತು. ಎರಡು ಗಾಜಿನ ಹಾಳೆಗಳ ನಡುವೆ ಪೊರೆಯೊಂದನ್ನು ಅಂಟಿಸಿದ ಮುಂಗಾಜು ಪ್ರಚಾರಕ್ಕೆ ಬಂದ ಮೇಲೆ, ಕಲ್ಲು ಬಡಿದರೆ ನಕ್ಷತ್ರದಂತೆ ಬಿರುಕು ಮೂಡುತ್ತಿತ್ತೇ ವಿನಾ ಚಾಲಕನ ಮುಖಕ್ಕೆ ಚೂರುಗಳು ಎರಚುತ್ತಿರಲಿಲ್ಲ.

ಡಾಂಬರು ಬಂದ ಮೇಲೂ ಒಂದು ವಿರೋಧ ಉಳಿಯಿತು. ಡಾಂಬರಿನ ತೆಳ್ಳನೆಯ ಹೊದಿಕೆಯನ್ನು ಬಂಡಿಯ ಕಬ್ಬಿಣದ ಹಳಿಯು ಕತ್ತರಿಸುವುದು. ಕತ್ತರಿಸಿದ ಕಡೆ ಜಲ್ಲಿ ಮೇಲೇಳುವುದು. ಎದ್ದ ಜಲ್ಲಿಯನ್ನು ಮೋಟಾರು ಸಿಡಿಸುವುದು. ರೈತನ ಬಂಡಿಗೆ ಗಾಳಿ ತುಂಬಿದ ಟೈರನ್ನು ತೊಡಿಸಬೇಕೆಂಬ ಪ್ರಯತ್ನ 1930ರ ದಶಕದಲ್ಲಿ ಭಾರತದಲ್ಲೆಲ್ಲ ನಡೆದುದಕ್ಕೆ ಇದೂ ಒಂದು ಕಾರಣ. ಬಡವನ ಚಕ್ರವನ್ನು ದೂಷಿಸಿದ ತಜ್ಞರು, ಮೊದಲು ರಸ್ತೆಯನ್ನು ಸಡಿಲಿಸಿದುದು ಧನಿಕನ ಚಕ್ರವೆಂಬುದನ್ನು ಇನ್ನಷ್ಟು ಒತ್ತಿ ಹೇಳಬಹುದಾಗಿತ್ತು.

1951ರಲ್ಲಿ ಸಾರಿಗೆಯು ರೈಲ್ವೆಯಿಂದ ಬೇರ್ಪಟ್ಟು ಹೈದರಾಬಾದು ಸರ್ಕಾರದ ವಶಕ್ಕೆ ಬಂತು. 1956ರ ನವೆಂಬರ್ 1ರಂದು ಸಂಸ್ಥಾನವೇ ಮೂರಾಗಿ ಹಂಚಿಹೋಗಿ, ಬೀದರ್, ಗುಲಬರ್ಗಾ, ರಾಯಚೂರುಗಳ ಸಡಕುಗಳು ಮೈಸೂರು ರಾಜ್ಯಕ್ಕೆ ಸಂದುವು.

ಈ ಕಥೆಯ ಇತ್ತೀಚಿನ ಅಧ್ಯಾಯವನ್ನು ಬರೆದುದು ಫೈಬರ್‌ಗ್ಲಾಸು. ಗಾಜಿನ ಎಳೆಗಳನ್ನು ರಾಳದಲ್ಲಿ ನೆನೆಸಿ ಎರಕ ಹೊಯ್ದ ಈ ಪದಾರ್ಥದಿಂದ ಬೆಂಗಳೂರಿನ ಸಿಪಾನಿ ಕಾರ್ಖಾನೆಯು 1980ರ ದಶಕದಲ್ಲಿ ಡಾಲ್ಫಿನ್ ಎಂಬ ಕಾರಿನ ಮೈಯನ್ನೇ ನಿರ್ಮಿಸಿತ್ತು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪ್ರವಾಸದ ಮನೆಗಳನ್ನೂ ಇದರಿಂದಲೇ ಮಾಡುತ್ತಾರೆ. ಇದು ಹಗುರ, ತುಕ್ಕು ಹಿಡಿಯದು. ಆದರೆ ತಗಡಿನಂತೆ ತಗ್ಗಾಗಿ ಪೆಟ್ಟನ್ನು ನುಂಗಿಕೊಳ್ಳಲಾರದು. ಹೊರಮೈಯ ಹೊಳಪಿನ ಲೇಪವು ಸುಮಾರು ಅರ್ಧ ಮಿಲಿಮೀಟರು ದಪ್ಪದ್ದು. ಕಲ್ಲು ತಾಗಿದೆಡೆಯಲ್ಲಿ ಕೂದಲೆಳೆಯ ಬಿರುಕುಗಳು ಎಲ್ಲ ದಿಕ್ಕಿಗೂ ಹರಡುವುವು. ಅವುಗಳ ಮೂಲಕ ನೀರು ಎಳೆಗಳೊಳಗೆ ಇಳಿದರೆ ಗೋಡೆಯು ಒಳಗೊಳಗೇ ಬಲಗುಂದುವುದು. ಎಳೆಯುವ ಕಾರಿನ ಹಿಂಚಕ್ರಕ್ಕೆ ಸಿಕ್ಕಿ ಚಿಮ್ಮಿದ ಕಲ್ಲು ಬಹುಮಟ್ಟಿಗೆ ಕ್ಷಣಕಾಲ ಗಾಳಿಯಲ್ಲಿ ನಿಂತಂತೆಯೇ ಇರುತ್ತದೆ. ಹಿಂದಿನಿಂದ ಬರುವ ಮನೆಯು ತಾನೇ ತನ್ನ ಪೂರ್ಣ ವೇಗದಿಂದ ಹೋಗಿ ಅದಕ್ಕೆ ಹಾಯುತ್ತದೆ. ಅಲ್ಲಿಂದ ಪುಟಿದ ಕಲ್ಲು ಕಾರಿನ ಹಿಂಗಾಜನ್ನು ಒಡೆಯುವುದೂ ಉಂಟು.

ಆದುದರಿಂದ ಕವಚವು ಮೊದಲು ಬೇಕಾದುದು ಕಾರಿಗೆ: ಹಿಂಚಕ್ರಗಳ ಹಿಂದೆ ಅಡ್ಡಲಾಗಿ, ನೆಲಕ್ಕೆ ಉಜ್ಜದಷ್ಟು ಎತ್ತರದಲ್ಲಿ, ದಪ್ಪ ರಬ್ಬರಿನ ಪರದೆ. ಅನಂತರ ಮನೆಯ ಮುಂಭಾಗಕ್ಕೆ, ಗೋಡೆಗೆ ತಾಗದಂತೆ ಅಂತರವಿಟ್ಟು ಓರೆಯಾಗಿ ನಿಲ್ಲಿಸಿದ ಫಲಕ. ಗೋಡೆಗೆ ಸಡಿಲವಾಗಿ ಹೊದಿಸಿದ ಬಟ್ಟೆಯ ಒಳಗೆ ಮರಳು ಸೇರಿ, ಗಾಳಿಗೆ ಅದುರುತ್ತ ಹೊಳಪನ್ನೆಲ್ಲ ಉಜ್ಜಿಬಿಡುವುದರಿಂದ ಆ ಉಪಾಯವು ಅಪಾಯಕ್ಕೇ ಸಮ.

ಗಣಿಗಳಿಂದ ಜಲ್ಲಿ ಹೊತ್ತು ನಗರಕ್ಕೆ ಬರುವ ಲಾರಿಗಳು ದಾರಿಯುದ್ದಕ್ಕೂ ಉದುರಿಸಿ ಹೋಗುವ ಕಲ್ಲಿಗೂ, ಹೊಸದಾಗಿ ಡಾಂಬರು ಎರಚಿ ಸಣ್ಣ ಜಲ್ಲಿ ಹರಡಿದ ಸಡಕಿಗೂ ಈ ಕವಚಗಳು ಸಾಲವು. ಹೊಸ ಹಾಸಿನ ಮೇಲೆ ರೋಲರು ಹೋದ ತರುವಾಯವೂ ಅಂಟದೆ ಉಳಿದ ಜಲ್ಲಿಯನ್ನು ಕೂಲಿಯ ಹೆಂಗಸರು ಪೊರಕೆ ಹಿಡಿದು ಅಂಚಿಗೆ ಗುಡಿಸುವರು. ಗುಡಿಸಿ ಮುಗಿಯುವವರೆಗೆ ಗಂಟೆಗೆ ನಲವತ್ತು ಮೈಲಿಯ ಬದಲು ಇಪ್ಪತ್ತರಲ್ಲಿ ನಡೆಸಿದರೆ ಕಲ್ಲಿನೇಟಿನ ಶಕ್ತಿಯು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದು, ಪೊರಕೆ ಹಿಡಿದವರ ಕಾಲಿಗೂ ಕಲ್ಲು ತಾಗದು.